ಅರ್ಧಗಂಟೆಯ ಇಟಲಿ: ಸುಲಭಪಾಕಪ್ರಣೇತೃಗಳಿಗೊಂದು ಬಹಿರಂಗ ಪತ್ರ

ಮಾನ್ಯ ಸುಲಭಪಾಕಪ್ರಣೇತೃಗಳ ಸನ್ನಿಧಿಗೆ,

ಸಂಜೆ ಕಚೇರಿಯಿಂದ ಬಂದವನು ಕೈಕಾಲು ತೊಳೆಯುವಷ್ಟರಲ್ಲಿ ಹಸಿದ ಸಂಸಾರದ ಮುಂದೆ ಇಟಲಿ ದೇಶವನ್ನೇ ಒಂದು ಬಾಣಲೆಯಲ್ಲಿ ತಂದಿರಿಸಬಹುದೆಂದೂ, ಅದಕ್ಕೆ ಮೂವತ್ತು ನಿಮಿಷಗಳ ಕಾಲವೂ ಕೋಳಿಯ ಎದೆಯ ನಾಲ್ಕು ತುಂಡುಗಳೂ ಒಂದು ನಿಂಬೆಯ ಹಣ್ಣೂ ಇದ್ದರೆ ಸಾಕೆಂದೂ ತಾವು ಸಾರುತ್ತಿರುವ ಶುಭವಾರ್ತೆ ನಮ್ಮ ಮನೆಯವರೆಗೂ ಬಂದು ಮುಟ್ಟಿದೆ. ಇಂಥ ಲೋಕೋಪಕಾರವನ್ನು ಕಂಡೂ ಸುಮ್ಮನಿದ್ದರೆ ಕೃತಘ್ನತೆಯ ದೋಷ ತಟ್ಟೀತೆಂಬ ಭಯದಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಕಾಲಗಣನೆಯಲ್ಲಿ ತಾವು ಸ್ಥಾಪಿಸಿರುವ ನೂತನ ಸಿದ್ಧಾಂತವನ್ನು ಮೊದಲು ಕೊಂಡಾಡಬೇಕು. ತಮ್ಮ ಸಾಮಗ್ರಿಗಳ ಪಟ್ಟಿಯಲ್ಲಿ ಬೆಳ್ಳುಳ್ಳಿ ಸಿಪ್ಪೆ ಕಳೆದು ಸಣ್ಣಗೆ ಹೆಚ್ಚಿಸಿಕೊಂಡೇ ಪ್ರವೇಶಿಸುತ್ತದೆ. ಪಾರ್ಸ್ಲಿ ಸೊಪ್ಪು ತೊಳೆಸಿಕೊಂಡು, ನೀರಾರಿಸಿಕೊಂಡು, ಕತ್ತರಿಸಿಕೊಂಡು ಬರುತ್ತದೆ. ನಿಂಬೆಯು ತನ್ನ ಹಳದಿಯ ಹೊರಸಿಪ್ಪೆಯನ್ನು, ಅದರಡಿಯ ಬಿಳಿಯ ಪದರ ಎಳ್ಳಷ್ಟೂ ಸೇರದಂತೆ, ತಾನೇ ತುರಿದುಕೊಂಡು ಬರುತ್ತದೆ. ಕೋಳಿಯ ಎದೆಯಂತೂ ಅಡ್ಡಲಾಗಿ ಸೀಳಿಸಿಕೊಂಡು, ಎಲ್ಲಿಯೂ ಹರಿಯದಂತೆ ಸಮನಾಗಿ ತಟ್ಟಿಸಿಕೊಂಡು, ಉಪ್ಪುಮೆಣಸು ಸವರಿಸಿಕೊಂಡು ವಿನೀತವಾಗಿ ಕಾದಿರುತ್ತದೆ. ಇಷ್ಟೆಲ್ಲ ಮುಗಿದ ಮೇಲೆ ತಮ್ಮ ಗಡಿಯಾರವು ನಡೆಯತೊಡಗುತ್ತದೆ. ವೇದಗಳು ಅಪೌರುಷೇಯವೆಂಬುದನ್ನು ಸಾಧಿಸುವುದಕ್ಕೆ ಮೀಮಾಂಸಕರು ಗ್ರಂಥಗಳ ಮೇಲೆ ಗ್ರಂಥಗಳನ್ನು ರಚಿಸಬೇಕಾಯಿತು. ಬೆಳ್ಳುಳ್ಳಿಯ ಹೆಚ್ಚುವಿಕೆಯೂ ಅಪೌರುಷೇಯವೆಂಬುದನ್ನು ತಾವು ಒಂದೇ ಸಾಲಿನಲ್ಲಿ ಸಾಧಿಸಿಬಿಟ್ಟಿದ್ದೀರಿ. ಅಪೌರುಷೇಯವೇ ಸರಿ, ಬಹುತೇಕ ಮನೆಗಳಲ್ಲಿ ಆ ಕೆಲಸಕ್ಕೆ ಪುರುಷನು ಕೈಹಚ್ಚುವುದಿಲ್ಲವಷ್ಟೆ!

ಇನ್ನು ಬಾಣಲೆಯ ಪ್ರಕರಣ. ಮೈದಾಹಿಟ್ಟಿನಲ್ಲಿ ಹೊರಳಿಸಿದ ತುಂಡುಗಳನ್ನು ಬೆಣ್ಣೆಯಲ್ಲಿ ಒಂದೊಂದು ಬದಿಗೆ ಮೂರು ನಿಮಿಷ ಕಾಯಿಸಿದರೆ ಹೊಂಬಣ್ಣ ಬರುವುದೆಂದು ತಾವು ಅಪ್ಪಣೆ ಕೊಡಿಸಿದ್ದೀರಿ. ನಾಲ್ಕು ತುಂಡುಗಳನ್ನೂ ಒಟ್ಟಿಗೆ ಒತ್ತಿ ಇಟ್ಟಾಗ ಅವುಗಳ ಮೈಯಿಂದ ನೀರು ಜಿನುಗಿ, ಬೆಣ್ಣೆಯ ಚಟಪಟ ಅಡಗಿ, ಅದರ ಸ್ಥಾನದಲ್ಲಿ ಗುಳುಗುಳು ಸದ್ದು ಎದ್ದು, ಹಿಟ್ಟು ಅಂಟಂಟಾಗಿ ತಳಕ್ಕೆ ಹತ್ತಿಕೊಂಡು, ಹೊಂಬಣ್ಣದ ಬದಲು ಬೂದಿಬಣ್ಣ ಮೂಡುವುದು. ಮೇಲ್ಮೈಯ ನೀರು ಆರುವವರೆಗೆ ಅಲ್ಲಿಯ ಉಷ್ಣವು 100 ಡಿಗ್ರಿಯನ್ನು ದಾಟುವುದಿಲ್ಲ; ಹೊಂಬಣ್ಣವೂ ಘಮವೂ ಚೆನ್ನಾಗಿ ಹುಟ್ಟುವುದಕ್ಕೆ ಸುಮಾರು 140 ಡಿಗ್ರಿಯಾದರೂ ಬೇಕು. ಆ ರಾಸಾಯನಿಕ ಪರಿವರ್ತನೆಯನ್ನು 1912ರಲ್ಲಿ ನಿರೂಪಿಸಿದ ಫ್ರೆಂಚ್ ವಿಜ್ಞಾನಿ ಮೈಯಾರನ ಹೆಸರೇ ಅದಕ್ಕೆ ನಿಂತಿದ್ದರೂ ತಮ್ಮ ಗಡಿಯಾರಕ್ಕೆ ಆತನ ಪರಿಚಯವಾದಂತಿಲ್ಲ. ತುಂಡುಗಳನ್ನು ಬಟ್ಟೆಯಿಂದ ಒತ್ತಿ ಒರೆಸಿ, ಎರಡೆರಡಾಗಿ ಎರಡು ಸರದಿಯಲ್ಲಿ ಹುರಿಯಬೇಕೆಂದು ಬರೆದಿದ್ದರೆ ಕೋಳಿಗೆ ಗೌರವ ಉಳಿಯುತ್ತಿತ್ತು. ಆದರೆ ಮೂವತ್ತು ಎಂಬ ಪವಿತ್ರ ಸಂಖ್ಯೆಗೆ ಭಂಗ ಬರುತ್ತಿತ್ತು.

ಇಟಲಿಯ ವಿಷಯಕ್ಕೆ ಬರುತ್ತೇನೆ. ಆ ದೇಶವನ್ನು ತಾವು ಒಂದು ಡಬ್ಬಿಯಲ್ಲಿ ತುಂಬಿ ಇಟ್ಟಿದ್ದೀರಿ. ಅದರ ಮೇಲೆ 'ಇಟಾಲಿಯನ್ ಸೀಸನಿಂಗ್' ಎಂದು ಬರೆದಿದೆ. ಒಣಗಿದ ಓರಿಗಾನೋ, ಬೇಸಿಲ್, ಥೈಮ್, ರೋಸ್‌ಮೇರಿಗಳೆಲ್ಲ ತಮ್ಮ ತಮ್ಮ ಪ್ರಾಂತಾಭಿಮಾನವನ್ನು ತೊರೆದು ಆ ಡಬ್ಬಿಯಲ್ಲಿ ಸಹಬಾಳ್ವೆ ನಡೆಸುತ್ತವೆ. ಲಿಗುರಿಯಾದ ಅಜ್ಜಿಯೂ ಸಿಸಿಲಿಯ ಅಜ್ಜಿಯೂ ತಮ್ಮ ಅಡುಗೆಮನೆಯಲ್ಲಿ ಎಂದೂ ಸಾಧಿಸದ ರಾಷ್ಟ್ರೀಯ ಭಾವೈಕ್ಯವಿದು. ಅದರ ಮೇಲೆ ಕೆನೆ, ಕೆನೆಯ ಮೇಲೆ ಚೀಸು, ಇವೆಲ್ಲದರ ಕೆಳಗೆ ಹಾಸಿಗೆಯಾಗಿ ಪಾಸ್ತಾ. ಇಟಲಿಯವರು ಪಾಸ್ತಾವನ್ನು ಮೊದಲು ಬೇರೆಯಾಗಿ ಉಂಡು, ತಟ್ಟೆ ಬದಲಿಸಿದ ಬಳಿಕ ಮಾಂಸಕ್ಕೆ ಕೈಯಿಡುವರೆಂಬ ಕ್ಷುಲ್ಲಕ ಸಂಗತಿಯನ್ನು ಗಣಿಸಬೇಕಾಗಿಲ್ಲ. ತಮ್ಮ ಪಾಕಕ್ಕೆ ಮಾದರಿಯಾದ, ನಿಂಬೆ, ಬೆಣ್ಣೆ, ಕೇಪರೆಂಬ ಉಪ್ಪಿನಲ್ಲಿಟ್ಟ ಹೂಮೊಗ್ಗುಗಳ 'ಪಿಕಾಟಾ' ಅವರ ದೇಶದಲ್ಲಿ ಹೆಚ್ಚಾಗಿ ಎಳಗರುವಿನ ಮಾಂಸದ್ದು. ಕೋಳಿಯ ರೂಪದಲ್ಲಿ ಅದು ಮೆರೆದದ್ದು ಅಮೆರಿಕೆಗೆ ವಲಸೆ ಹೋದ ಇಟಾಲಿಯನ್ನರ ನಡುವೆ. ಆ ವಲಸೆಗಾರರ ಮೇಲೆ ನನಗೆ ಯಾವ ದೂರೂ ಇಲ್ಲ. ಹೊಸ ನೆಲದಲ್ಲಿ ಸಿಕ್ಕಿದ್ದನ್ನು ಹಳೆಯ ನಾಲಗೆಗೆ ಒಗ್ಗಿಸಿಕೊಳ್ಳುವುದು ಸಂಸಾರಿಗಳ ಹಕ್ಕು.

ತಮ್ಮ ಕ್ಷೇತ್ರದ ಹಿರಿಯರಾದ ಪೆಲ್ಲೆಗ್ರಿನೋ ಆರ್ಟೂಸಿಯವರ ದಡ್ಡತನವನ್ನೂ ಇಲ್ಲಿ ಸ್ಮರಿಸಬೇಕು. ಫ್ಲಾರೆನ್ಸಿನಲ್ಲಿ ವ್ಯಾಪಾರ ಮಾಡಿ ನಿವೃತ್ತರಾದ ಆ ಮಹಾಶಯರು ಅಡುಗೆಯ ಗ್ರಂಥವೊಂದನ್ನು ಬರೆದು, ಪ್ರಕಾಶಕರು ಒಪ್ಪದಿರಲಾಗಿ, 1891ರಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದರು. 475 ಪಾಕಗಳಿಂದ ಮೊದಲಾದ ಅದು ಆವೃತ್ತಿಯಿಂದ ಆವೃತ್ತಿಗೆ ಬೆಳೆದು, 1911ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ 790 ಪಾಕಗಳ ಮಹಾಗ್ರಂಥವಾಯಿತು. ಪಾಕಗಳನ್ನು ಪರೀಕ್ಷಿಸಿ ನೋಡುವುದಕ್ಕೆ ಮನೆಯಲ್ಲಿ ಫ್ರಾನ್ಚೆಸ್ಕೋ ರುಫಿಲ್ಲಿ ಎಂಬ ಅಡುಗೆಯವನೂ ಮರಿಯೆಟ್ಟಾ ಸಬಾಟಿನಿ ಎಂಬ ಪರಿಚಾರಿಕೆಯೂ ಇದ್ದರು. ಇದನ್ನು ಬಚ್ಚಿಡುವ ಜಾಣತನ ಆರ್ಟೂಸಿಯವರಿಗೆ ತೋರಲಿಲ್ಲ: ಒಂದು ಪಾಕಕ್ಕೆ ಮರಿಯೆಟ್ಟಾಳ ಹೆಸರನ್ನೇ ಇಟ್ಟರು, ಸಾಯುವಾಗ ಪುಸ್ತಕದ ಹಕ್ಕನ್ನು ಆ ಇಬ್ಬರಿಗೇ ಬರೆದುಕೊಟ್ಟರು. ತಮ್ಮ ಪುಟಗಳಲ್ಲಿ ಮರಿಯೆಟ್ಟಾ ಎಲ್ಲಿಯೂ ಕಾಣಿಸುವುದಿಲ್ಲ. ಆಕೆ ಬೆಳ್ಳುಳ್ಳಿ ಹೆಚ್ಚಿ ಹಿತ್ತಿಲ ಬಾಗಿಲಿಂದ ಹೋಗಿಬಿಟ್ಟಿರಬೇಕು.

ಆರ್ಟೂಸಿಯವರು ಹುಟ್ಟಿದ ರೊಮಾನ್ಯಾ ಸೀಮೆಯಲ್ಲಿಯೇ ಹುಟ್ಟಿದ ಮಾರ್ಚೆಲ್ಲಾ ಹಝಾನ್ ಎಂಬ ಮಹಿಳೆ ವಿಜ್ಞಾನದ ಪದವಿಗಳನ್ನು ಪಡೆದು, ಮದುವೆಯಾಗಿ ನ್ಯೂಯಾರ್ಕಿಗೆ ಬಂದ ಬಳಿಕ ಒಲೆಯ ಮುಂದೆ ನಿಂತವರು. ಅವರ ನಿಂಬೆಕೋಳಿಗೆ ಬೇಕಾದದ್ದು ಒಂದು ಇಡಿಯ ಕೋಳಿ, ಉಪ್ಪು, ಮೆಣಸು, ಎರಡು ಸಣ್ಣ ನಿಂಬೆ. ಬೆಣ್ಣೆಯಿಲ್ಲ, ಎಣ್ಣೆಯಿಲ್ಲ, ಡಬ್ಬಿಯಿಲ್ಲ. ನಿಂಬೆಗಳನ್ನು ಅಂಗೈಯಡಿ ಒತ್ತಿ ಹೊರಳಿಸಿ ಮೆತ್ತಗಾಗಿಸಿ, ಒಂದೊಂದಕ್ಕೂ ಕಡ್ಡಿಯಿಂದ ಇಪ್ಪತ್ತು ಕಡೆಯಾದರೂ ಚುಚ್ಚಿ, ಹಾಗೆಯೇ ಇಡಿಯಾಗಿ ಕೋಳಿಯ ಹೊಟ್ಟೆಯೊಳಗಿಟ್ಟು ಬಾಯಿ ಮುಚ್ಚಬೇಕು. ಸುಮಾರು 180 ಡಿಗ್ರಿಯ ಓವನ್ನಿನಲ್ಲಿ ಅರ್ಧ ಗಂಟೆ ಬೋರಲು, ಮತ್ತರ್ಧ ಗಂಟೆ ಅಂಗಾತ, ಕೊನೆಗೆ 200ಕ್ಕೆ ಏರಿಸಿ ಇನ್ನಿಪ್ಪತ್ತು ನಿಮಿಷ. ಒಳಗಿನಿಂದ ನಿಂಬೆ ರಸ ಬಿಡುತ್ತಿದ್ದಂತೆ ಹೊರಗೆ ಕೋಳಿ ತನ್ನ ಕೊಬ್ಬಿನಲ್ಲಿ ತಾನೇ ಬೇಯುವುದು. ಚರ್ಮ ಎಲ್ಲಿಯೂ ಹರಿಯದಿದ್ದರೆ ಅದು ಗಾಳಿ ತುಂಬಿದಂತೆ ಉಬ್ಬಿ ನಿಲ್ಲುವುದೂ ಉಂಟು. ಅಡುಗೆಯವರು ಮಾಡಬೇಕಾದದ್ದು ಬಹಳ ಸ್ವಲ್ಪ, ಕಾಯಬೇಕಾದದ್ದು ಬಹಳ. ತಮ್ಮ ಪದ್ಧತಿಯು ಇದಕ್ಕೆ ತದ್ವಿರುದ್ಧ: ಕಾಯುವ ಅವಕಾಶವೇ ಇಲ್ಲ, ಕೈಗಳಿಗೆ ಬಿಡುವೂ ಇಲ್ಲ. ಆದರೂ ಸುಲಭವೆಂಬ ಬಿರುದು ತಮಗೇ ಸಂದಿದೆ.

ನಿಂಬೆಯ ಬಗ್ಗೆ ತಾವು 'ಒಂದು' ಎಂದಷ್ಟೇ ಹೇಳಿ ಮುಂದೆ ಸಾಗಿದ್ದೀರಿ. 2001ರಲ್ಲಿ ಯುರೋಪಿನ ಪ್ರಾದೇಶಿಕ ಮಾನ್ಯತೆ ಪಡೆದ ಅಮಾಲ್ಫಿಯ ನಿಂಬೆ ನೀಳವಾದದ್ದು, ದಪ್ಪ ಸಿಪ್ಪೆಯದು, ಸೌಮ್ಯವಾದ ಹುಳಿಯದು. ಸಮುದ್ರದ ಮೇಲೆ ಕಡಿದಾಗಿ ಎದ್ದ ಬೆಟ್ಟಗಳಲ್ಲಿ ಕಲ್ಲಿನ ಗೋಡೆಗಳ ಮೆಟ್ಟಿಲುತೋಟಗಳಲ್ಲಿ ಬೆಳೆದು, ಒಂದು ಕಾಲಕ್ಕೆ ಹೆಂಗಸರ ಬೆನ್ನಮೇಲೆ ಹೇರಿಸಿಕೊಂಡು ಕೆಳಗಿಳಿಯುತ್ತಿತ್ತು. ಆ ಹೆಂಗಸರನ್ನು ಊರವರು ಇರುವೆಗಳೆಂದು ಕರೆಯುತ್ತಿದ್ದರಂತೆ. ನಮ್ಮ ಇಂಡಿ ಸೀಮೆಯ ಲಿಂಬೆಯಾದರೋ ದುಂಡಗೆ, ಸಣ್ಣಗೆ, ತೆಳುಸಿಪ್ಪೆಯದಾಗಿ, ಹುಳಿಯಲ್ಲಿ ಪ್ರಚಂಡವಾಗಿರುವ ಬೇರೆಯೇ ಜಾತಿಯ ಹಣ್ಣು. ಅದರ ಸಿಪ್ಪೆಯನ್ನು ತುರಿಯಹೊರಟರೆ ತುರಿಮಣೆಗೆ ಹತ್ತುವುದು ಬೆರಳೇ. ಅದರ ರಸವನ್ನು ಬಾಣಲೆಯಲ್ಲಿ ಸುರಿದು ಅರ್ಧಕ್ಕಿಳಿಯುವವರೆಗೆ ಕುದಿಸಬೇಕೆಂಬ ತಮ್ಮ ವಿಧಿಯನ್ನು ಓದಿದಾಗ ನಮ್ಮ ಮನೆಯಲ್ಲಿ ಸಣ್ಣದೊಂದು ಕೋಲಾಹಲವೇ ಎದ್ದಿತು. ನಿಂಬೆಯ ಪರಿಮಳವಿರುವುದು ಬಹುಮಟ್ಟಿಗೆ ಸಿಪ್ಪೆಯ ತೈಲದಲ್ಲಿ, ಅದು ಬೆಂಕಿಗೆ ಹಾರಿಹೋಗುವಂಥದು. ಚಿತ್ರಾನ್ನ ಕಲಸುವವರು ಒಗ್ಗರಣೆಯನ್ನು ಇಳಿಸಿದ ಮೇಲೆಯೇ ರಸ ಹಿಂಡುವುದು ಏತಕ್ಕೆಂದು ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಸಾಕಾಗಿತ್ತು.

ಆದುದರಿಂದ ಮುಂದಿನ ಆವೃತ್ತಿಯಲ್ಲಿ ಈ ಕೆಳಗಿನಷ್ಟನ್ನು ದಯವಿಟ್ಟು ಸೇರಿಸಬೇಕೆಂದು ಪ್ರಾರ್ಥನೆ. ಹೆಚ್ಚಿದವರ, ತುರಿದವರ, ತಟ್ಟಿದವರ ಹೆಸರುಗಳು ಸಾಮಗ್ರಿಯ ಪಕ್ಕದಲ್ಲೇ ಅಚ್ಚಾಗಲಿ. ಮೈದಾ ಚೆಲ್ಲಿದ ತಟ್ಟೆ, ನಿಂಬೆ ಹಿಂಡಿದ ಬೋಗುಣಿ, ಮಾಂಸ ತಟ್ಟಿದ ಹಲಗೆ, ತಳ ಹತ್ತಿದ ಬಾಣಲೆ, ಪಾಸ್ತಾ ಬೆಂದ ಪಾತ್ರೆ, ಬಸಿದ ಜಾಲರಿ, ಇವನ್ನೆಲ್ಲ ಬೆಳಗುವ ಕಾರ್ಯವು ತಮ್ಮ ಮೂವತ್ತು ನಿಮಿಷಗಳಲ್ಲಿ ಎಷ್ಟನೆಯ ನಿಮಿಷಕ್ಕೆ ಮುಗಿಯತಕ್ಕದ್ದೆಂಬುದನ್ನೂ ಮರುಟಪಾಲಿನಲ್ಲಿ ತಿಳಿಸತಕ್ಕದ್ದು.

ಇತಿ,
ತಮ್ಮ ಆಜ್ಞಾನುವರ್ತಿಯಾದ
ಒಬ್ಬ ಗೃಹಸ್ಥ

ತಾ. ಕ.: ಒಂದು ಚಮಚಕ್ಕೆಂದು ಕೊಂಡ ಕೇಪರಿನ ಸೀಸೆಯಲ್ಲಿ ಉಳಿದದ್ದನ್ನು ಏನು ಮಾಡಬೇಕೆಂಬ ವಿಷಯದಲ್ಲಿ ತಮ್ಮ ಶಾಸ್ತ್ರ ಮೌನವಾಗಿದೆ. ಮಕ್ಕಳು ಅದನ್ನು ಪೊಂಗಲಿನ ಮೆಣಸಿನಕಾಳಿನಂತೆ ತಟ್ಟೆಯಂಚಿಗೆ ಸರಿಸುತ್ತಾರೆ. ನಮ್ಮ ಅತ್ತೆಯವರು ಮಾತ್ರ ಇದು ಯಾವುದೋ ಕಾಡುಕಾಯಿಯ ಉಪ್ಪಿನಕಾಯಿಯೆಂದು ತೀರ್ಮಾನಿಸಿ, ದಿನವೂ ರಾತ್ರಿ ಮೊಸರನ್ನಕ್ಕೆ ನೆಂಚಿಕೊಂಡು ಸೀಸೆಯನ್ನು ಮುಕ್ಕಾಲು ಬರಿದುಮಾಡಿದ್ದಾರೆ. ಆದುದರಿಂದ ಆ ಬಗ್ಗೆ ತಾವು ಉತ್ತರ ಬರೆಯುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ.