ಸುತ್ತಿದ್ದು ನಾನು, ಊರು ಸುತ್ತಿದ್ದು ಅವರು

ಅಲೆಗ್ಸಾಂಡರ್ ಕೋ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಸಾಶಾ ಎಂದರೆ ಮ್ಯಾಂಚೆಸ್ಟರಿನಿಂದ ಬ್ಯೂನಸ್ ಐರಿಸ್‌ವರೆಗೆ, ಒಂದು ಕಾಲದಲ್ಲಿ ಬೆಳಗಿನ ಜಾವದ ತನಕ ಕುಣಿದು ಈಗ ಮಂಡಿನೋವಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿರುವವರೆಲ್ಲ ಕಿವಿ ನಿಮಿರಿಸುತ್ತಾರೆ. 1969ರಲ್ಲಿ ವೇಲ್ಸ್‌ನ ಬ್ಯಾಂಗರ್‌ನಲ್ಲಿ ಹುಟ್ಟಿದ ಇವರು ಪ್ರೊಗ್ರೆಸಿವ್ ಹೌಸ್ ಎಂಬ ನೃತ್ಯ ಸಂಗೀತದ ದೊಡ್ಡ ಹೆಸರು: ಡಿಜೆ, ನಿರ್ಮಾಪಕ, ಕಂಡವರ ಹಾಡನ್ನು ಬಿಚ್ಚಿ ಮರಳಿ ಹೊಲಿಯುವ ರೀಮಿಕ್ಸ್‌ಕಾರ. ಅವರನ್ನು ಮಾತನಾಡಿಸಿದ ಪತ್ರಕರ್ತರಿಗೆ ಲೆಕ್ಕವಿಲ್ಲ. ಅವರ ಕೈಕೆಳಗೆ ದುಡಿದವರನ್ನು ಮಾತ್ರ ಯಾರೂ ಕೇಳಿದಂತಿಲ್ಲ. ಹಾಗಾಗಿ ನಾವು ನೇರವಾಗಿ ಟರ್ನ್‌ಟೇಬಲ್ ಅವರನ್ನೇ ಹಿಡಿದು ಕೂರಿಸಿದೆವು. ವಯಸ್ಸಾಗಿದೆ, ಮಾತು ಸ್ವಲ್ಪ ಜಾಸ್ತಿ, ಆದರೆ ವೇಗ ತಪ್ಪುವುದಿಲ್ಲ.

ಪ್ರಶ್ನೆ: ಮೊದಲು ನಿಮ್ಮ ಪರಿಚಯ ಹೇಳಿ.

ಟರ್ನ್‌ಟೇಬಲ್: ಟೆಕ್ನಿಕ್ಸ್ ಎಸ್‌ಎಲ್-1200 ಮಾರ್ಕ್ 2. ಜಪಾನಿನ ಮತ್ಸುಶಿತಾ ಕಂಪನಿಯ ಕೂಸು, ಹುಟ್ಟಿದ್ದು 1979ರಲ್ಲಿ. ನಮ್ಮಣ್ಣ, ಅಂದರೆ ಬರೀ 1200, 1972ರವನು. ಅವನನ್ನು ಮಾಡಿದ್ದು ಮನೆಯಲ್ಲಿ ಸೋಫಾದ ಮೇಲೆ ಕೂತು ಸಂಗೀತ ಕೇಳುವ ಮರ್ಯಾದಸ್ಥರಿಗಾಗಿ. ಕ್ಲಬ್ಬಿನವರು ಹೊತ್ತುಕೊಂಡು ಹೋದರು. ನಮ್ಮ ಹೊಟ್ಟೆಯಲ್ಲಿ ಬೆಲ್ಟ್ ಇಲ್ಲ, ಮೋಟಾರೇ ನೇರವಾಗಿ ತಟ್ಟೆಯನ್ನು ತಿರುಗಿಸುತ್ತದೆ. ಮೇಲಿನ ರೆಕಾರ್ಡನ್ನು ಬೆರಳಿಟ್ಟು ತಡೆದರೂ ಕೆಳಗೆ ತಟ್ಟೆ ತನ್ನ ಪಾಡಿಗೆ ಸುತ್ತುತ್ತಿರುತ್ತದೆ. ಬೆರಳು ತೆಗೆದರೆ ಹಾಡು ಮರುಕ್ಷಣ ಓಟ ಹಿಡಿಯುತ್ತದೆ. ಈ ಒಂದು ಗುಣಕ್ಕಾಗಿ ಇಡೀ ಜಗತ್ತಿನ ಡಿಜೆಗಳು ನಮ್ಮ ಮೇಲೆ ಬಿಯರ್ ಚೆಲ್ಲಿದರು.

ಪ್ರಶ್ನೆ: ಒಬ್ಬರೇ ಬಂದಿದ್ದೀರಿ?

ಟರ್ನ್‌ಟೇಬಲ್: ನಾವು ಯಾವಾಗಲೂ ಜೋಡಿ. ಎಡಗಡೆ ನಾನು, ಬಲಗಡೆ ತಮ್ಮ. ನಡುವೆ ಮಿಕ್ಸರ್ ಎಂಬ ಪಂಚಾಯ್ತಿದಾರ. ಯಾರ ಮಾತು ಎಷ್ಟು ಕೇಳಿಸಬೇಕು ಅಂತ ತೀರ್ಮಾನ ಮಾಡುವವನು ಅವನು. ತಮ್ಮನಿಗೂ ನನಗೂ ಮಾತಿಲ್ಲ. ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ಮುಚ್ಚಿಕೊಂಡಿರಬೇಕು ಅಂತಲೇ ನಮ್ಮ ಕಸುಬು.

ಪ್ರಶ್ನೆ: ಸಾಶಾ ಅವರ ಕೆಲಸವೇನು, ಓದುಗರಿಗೆ ಅರ್ಥವಾಗುವ ಹಾಗೆ ಹೇಳಿ.

ಟರ್ನ್‌ಟೇಬಲ್: ಬೇರೆಯವರ ರೆಕಾರ್ಡನ್ನು ನನ್ನ ಮೇಲಿಡುವುದು. ತಕ್ಕ ಹೊತ್ತಿಗೆ ತೆಗೆಯುವುದು.

ಪ್ರಶ್ನೆ: ಅಷ್ಟೇನಾ?

ಟರ್ನ್‌ಟೇಬಲ್: ಅಷ್ಟೇ. ಶೀರ್ಷಾಸನ ಅಂದರೂ ಅಷ್ಟೇ, ಕಾಲು ಮೇಲೆ, ತಲೆ ಕೆಳಗೆ. ಮಾಡಿ ನೋಡಿ. ತಮ್ಮನ ಮೇಲೆ ನಿಮಿಷಕ್ಕೆ 125 ಬಡಿತದ ಹಾಡು ಓಡುತ್ತಿದೆ ಅಂತಿಟ್ಟುಕೊಳ್ಳಿ. ನನ್ನ ಮೇಲಿರುವುದು 121. ನನ್ನ ಬಲಮಗ್ಗುಲಲ್ಲಿ ಒಂದು ಜಾರುಗುಂಡಿ ಇದೆ, ಶೇಕಡಾ ಎಂಟರಷ್ಟು ವೇಗ ಹೆಚ್ಚು ಮಾಡಬಹುದು, ಎಂಟರಷ್ಟು ಕಡಿಮೆ ಮಾಡಬಹುದು. ಒಂದು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ನನ್ನನ್ನು ಕೇಳಬೇಕು, ಇನ್ನೊಂದು ಕಿವಿಯಲ್ಲಿ ಕೊಠಡಿಯ ಗದ್ದಲ. ಎರಡೂ ಡ್ರಮ್ ಒಂದರ ಮೇಲೊಂದು ಕೂರುವ ತನಕ ಸರಿಸುತ್ತಿರಬೇಕು. ಈ ಹಾಡುಗಳು ಎಂಟು ನಿಮಿಷ, ಹತ್ತು ನಿಮಿಷ ಏಕೆ ಎಳೆಯುತ್ತವೆ ಅಂತ ನಿಮ್ಮವರು ಗೊಣಗುತ್ತಾರಲ್ಲ, ಮೊದಲ ಒಂದೆರಡು ನಿಮಿಷ ಬರೀ ಡ್ರಮ್ ಇಡುವುದು ಈ ಜೋಡಣೆಗೆ ಜಾಗ ಬಿಡಲಿಕ್ಕೆ. ಒಂದು ಹಾಡು ಮುಗಿಯಿತು, ಇನ್ನೊಂದು ಶುರುವಾಯಿತು ಅಂತ ಕುಣಿಯುವವನಿಗೆ ಗೊತ್ತಾದರೆ ಕೆಲಸ ಕೆಟ್ಟ ಹಾಗೆ. ಗೊತ್ತಾಗದಿದ್ದರೆ ಡಿಜೆ ಏನೂ ಮಾಡಲಿಲ್ಲ ಅಂತ ನಿಮ್ಮಂಥವರು ಕೇಳುತ್ತೀರಿ.

ಪ್ರಶ್ನೆ: ಕ್ಷಮಿಸಿ. ಎಲ್ಲರೂ ಇದನ್ನು ಮಾಡುತ್ತಾರಲ್ಲ, ಇವರ ವಿಶೇಷ ಏನು?

ಟರ್ನ್‌ಟೇಬಲ್: ಹುಡುಗನಾಗಿದ್ದಾಗ ಮನೆಯವರ ಒತ್ತಾಯಕ್ಕೆ ಪಿಯಾನೋ ಪಾಠ ಹೇಳಿಸಿಕೊಂಡಿದ್ದರು. ಬೇಡವಾಗಿ ಕಲಿತದ್ದೇ ಅನ್ನ ಹಾಕಿತು. ತಾಳ ಕೂಡಿಸುವವರು ನೂರು ಮಂದಿ, ಶ್ರುತಿ ನೋಡಿ ಕೂಡಿಸುವವರು ಆಗ ಕಡಿಮೆ. ಒಂದು ಹಾಡಿನ ಸ್ವರ ಇನ್ನೊಂದರ ಸ್ವರಕ್ಕೆ ಒಪ್ಪುತ್ತದೆಯೇ ಅಂತ ನೋಡಿ ಸಾಲು ಮಾಡುತ್ತಿದ್ದರು. ನನ್ನ ಬಗ್ಗೆ ಎಷ್ಟೇ ಹೊಟ್ಟೆಯುರಿ ಇದ್ದರೂ ಇದನ್ನು ಒಪ್ಪಿಕೊಳ್ಳಲೇಬೇಕು.

ಪ್ರಶ್ನೆ: ನಿಮ್ಮ ಬಗ್ಗೆ ಹೊಟ್ಟೆಯುರಿ?

ಟರ್ನ್‌ಟೇಬಲ್: ನನಗೆ ಅವರ ಬಗ್ಗೆ. ಬಾಯಿ ತಪ್ಪಿತು. ಮುಳ್ಳು ಹಾರಿತು ಅಂದುಕೊಳ್ಳಿ.

ಪ್ರಶ್ನೆ: ಶುರುವಾದದ್ದು ಎಲ್ಲಿ?

ಟರ್ನ್‌ಟೇಬಲ್: ಮ್ಯಾಂಚೆಸ್ಟರಿನ ಹಾಸಿಯೆಂಡಾ. 1982ರಲ್ಲಿ ಫ್ಯಾಕ್ಟರಿ ಎಂಬ ರೆಕಾರ್ಡ್ ಕಂಪನಿಯವರು ಮತ್ತು ನ್ಯೂ ಆರ್ಡರ್ ತಂಡದವರು ಸೇರಿ ತೆರೆದ ಕ್ಲಬ್ಬು. ಆ ಕಂಪನಿಯವರಿಗೆ ತಾವು ಮಾಡಿದ ಪ್ರತಿಯೊಂದಕ್ಕೂ ನಂಬರು ಹಚ್ಚುವ ಚಟ, ಹಾಗಾಗಿ ಕಟ್ಟಡಕ್ಕೂ 51 ಅಂತ ನಂಬರು. ಲೆಕ್ಕದ ಪುಸ್ತಕದಲ್ಲಿ ಮಾತ್ರ ನಂಬರು ಹೊಂದಿಬರಲೇ ಇಲ್ಲ; ತಂಡದವರು ಹಾಡಿ ಗಳಿಸಿದ್ದನ್ನೆಲ್ಲ ಅದು ನುಂಗಿ 1997ರಲ್ಲಿ ಬಾಗಿಲು ಹಾಕಿತು. ಈಗ ಅಲ್ಲಿ ಅದೇ ಹೆಸರಿನ ಅಪಾರ್ಟ್‌ಮೆಂಟು. ರಾತ್ರಿ ಜೋರಾಗಿ ಹಾಡು ಹಾಕಿದರೆ ಪಕ್ಕದ ಮನೆಯವರು ದೂರು ಕೊಡುತ್ತಾರೋ ಏನೋ. ಸಾಶಾ ಹರೆಯದಲ್ಲಿ ಆ ನೆಲದ ಮೇಲೆ ನಿಂತು ಕಿವಿ ತೆರೆದವರು. ಹೆಸರು ಬಂದದ್ದು ಸ್ಟೋಕ್-ಆನ್-ಟ್ರೆಂಟ್‌ನಲ್ಲಿ. ಕುಂಬಾರಿಕೆಯ ಊರು, ಪಿಂಗಾಣಿ ಬಟ್ಟಲಿಗೆ ಪ್ರಸಿದ್ಧಿ. ಅಲ್ಲಿನ ಶೆಲ್ಲೀಸ್ ಕ್ಲಬ್ಬಿನಲ್ಲಿ ತೊಂಬತ್ತರ ಆಸುಪಾಸು ಲೆಫ್ಟ್‌ಫೀಲ್ಡ್ ತಂಡದ ‘ನಾಟ್ ಫರ್ಗಾಟನ್’ ಮೇಲೆ ವಿಟ್ನಿ ಹ್ಯೂಸ್ಟನ್ ಅವರ ಬರೀ ದನಿಯನ್ನು ತಂದು ಕೂರಿಸಿದರು. ವಾದ್ಯ ಒಬ್ಬರದು, ಕಂಠ ಇನ್ನೊಬ್ಬರದು, ಚಪ್ಪಾಳೆ ಮೂರನೆಯವರಿಗೆ. ಇಬ್ಬರ ಹಾಡೂ ಸುತ್ತಿದ್ದು ಯಾರ ಬೆನ್ನ ಮೇಲೆ ಅಂತ ಯಾರೂ ಕೇಳಲಿಲ್ಲ.

ಪ್ರಶ್ನೆ: ಪ್ರೊಗ್ರೆಸಿವ್ ಹೌಸ್ ಎಂದು ನಾಮಕರಣ ಮಾಡಿದವರು ಯಾರು?

ಟರ್ನ್‌ಟೇಬಲ್: ಹೌಸ್ ಷಿಕಾಗೋದ ಕೂಸು. ಫ್ರಾಂಕಿ ನಕಲ್ಸ್ 1977ರಿಂದ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ, ಬಹುಪಾಲು ಕರಿಯ ಸಲಿಂಗಿ ಹುಡುಗರ ಮುಂದೆ ನುಡಿಸುತ್ತಿದ್ದದ್ದು. ಇಂಗ್ಲೆಂಡಿನವರು ಅದನ್ನು ತಂದು, ಸ್ವಲ್ಪ ಎಳೆದು, ಮಂಜು ಹಾಯಿಸಿ, ತಮ್ಮದು ಮುಂದುವರಿದದ್ದು ಅಂದರು. ಇಂಥದ್ದನ್ನು ನೀವೂ ಇತಿಹಾಸದಲ್ಲಿ ಓದಿದ್ದೀರಿ. ಹೆಸರಿಟ್ಟವರು ಮಿಕ್ಸ್‌ಮ್ಯಾಗ್ ಪತ್ರಿಕೆಯ ಡಾಮ್ ಫಿಲಿಪ್ಸ್, 1992ರಲ್ಲಿ. ಆಮೇಲೆ ಅವರು ಕ್ಲಬ್ಬಿನ ಲೋಕ ಬಿಟ್ಟು ಬ್ರೆಜಿಲ್‌ಗೆ ಹೋದರು, ಅಮೆಜಾನ್ ಕಾಡಿನ ಬಗ್ಗೆ, ಅಲ್ಲಿನ ಮೂಲನಿವಾಸಿಗಳ ಬಗ್ಗೆ ಬರೆದರು. 2022ರ ಜೂನ್‌ನಲ್ಲಿ ಜವಾರಿ ಕಣಿವೆಯಲ್ಲಿ ಬ್ರೂನೋ ಪೆರೇರಾ ಅವರ ಜೊತೆ ಕೊಲೆಯಾದ ಪತ್ರಕರ್ತ ಅವರೇ. ಇದರಲ್ಲಿ ನಾನು ತಮಾಷೆ ಮಾಡುವಂಥದ್ದೇನೂ ಇಲ್ಲ. ಮುಂದಿನ ಪ್ರಶ್ನೆ ಕೇಳಿ.

ಪ್ರಶ್ನೆ: ಬ್ರಿಟಿಷ್ ಸರ್ಕಾರಕ್ಕೂ ನಿಮಗೂ ಜಗಳವಾಯಿತಂತೆ.

ಟರ್ನ್‌ಟೇಬಲ್: 1994ರ ಕಾಯಿದೆ! ಬಯಲಿನಲ್ಲಿ ರಾತ್ರಿಯೆಲ್ಲ ಜನ ಸೇರಿ ಕುಣಿಯುವುದನ್ನು ನಿಲ್ಲಿಸಬೇಕಿತ್ತು. ಯಾವ ಸಂಗೀತ ಅಂತ ಕಾನೂನಿನಲ್ಲಿ ಹೇಳಬೇಕಲ್ಲ? ಒಂದೇ ಬಡಿತ ಮತ್ತೆ ಮತ್ತೆ ಬರುವಂಥ ಸಂಗೀತ ಎಂಬರ್ಥದ ವ್ಯಾಖ್ಯಾನ ಬರೆದರು. ಪಾರ್ಲಿಮೆಂಟಿನ ಭಾಷಣಗಳಿಗೂ ಅದು ಅನ್ವಯವಾಗುತ್ತದೆ ಅಂತ ಯಾರಿಗೂ ಹೊಳೆಯಲಿಲ್ಲ. ಬಯಲು ಮುಚ್ಚಿದ ಮೇಲೆ ಜನ ಎಲ್ಲಿಗೆ ಹೋಗಬೇಕು? ಲೈಸೆನ್ಸ್ ಇದ್ದ ಕ್ಲಬ್ಬಿಗೆ. ಟಿಕೆಟ್ಟು, ಬಾರು, ಬಾಗಿಲಲ್ಲಿ ದಾಂಡಿಗ. ಪೊಲೀಸರು ಓಡಿಸಿದ ಗಿರಾಕಿಯನ್ನು ವ್ಯಾಪಾರಿ ಹಿಡಿದುಕೊಂಡ. ಮ್ಯಾನ್ಸ್‌ಫೀಲ್ಡ್ ಎಂಬ ಕಲ್ಲಿದ್ದಲಿನ ಸೀಮೆಯ ಊರಿನಲ್ಲಿ 1992ರಲ್ಲೇ ರಿನೈಸಾನ್ಸ್ ಎಂಬ ಕ್ಲಬ್ಬು ಶುರುವಾಗಿತ್ತು. ಸಾಶಾ ಮತ್ತು ಹೇಸ್ಟಿಂಗ್ಸ್ ಊರಿನ ಜಾನ್ ಡಿಗ್ವೀಡ್ ಜೋಡಿಯಾದದ್ದು ಅಲ್ಲಿ. ಕಾಯಿದೆ ಬಂದ ವರ್ಷವೇ ಆ ಕ್ಲಬ್ಬಿನ ಹೆಸರಿನಲ್ಲಿ ಇಬ್ಬರೂ ಸೇರಿ ಮೂರು ಸಿಡಿಗಳ ಮಿಕ್ಸ್ ತಂದರು. ಅಲ್ಲಿಯ ತನಕ ಡಿಜೆ ಕೆಲಸ ಅಂದರೆ ಬಹುಮಟ್ಟಿಗೆ ಬೆಳಗಾದರೆ ಮುಗಿದುಹೋಗುವ ಸಂಗತಿ. ಈಗ ಅದನ್ನು ಅಂಗಡಿಯಲ್ಲಿ ಕೊಂಡು ಮನೆಗೆ ಒಯ್ಯಬಹುದಾಯಿತು. ಸಿಡಿಯಲ್ಲಿ! ನಾನು ಸುತ್ತಿ ಮಾಡಿದ್ದನ್ನು ನನ್ನ ದಾಯಾದಿಯ ಮೇಲೆ ಮಾರಿದರು.

ಪ್ರಶ್ನೆ: ಆಮೇಲೆ ದೇವರಾದರು.

ಟರ್ನ್‌ಟೇಬಲ್: ದೇವರಲ್ಲ, ದೇವರ ಮಗ. ಮಿಕ್ಸ್‌ಮ್ಯಾಗ್ ಮುಖಪುಟದಲ್ಲಿ ಹಾಗೆ ಅಚ್ಚಾಯಿತು, ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ನಿಮ್ಮ ಕಸುಬಿನವರ ಜಾಣತನ ಅದು. ನಾಳೆ ಯಾರಾದರೂ ಕೇಳಿದರೆ ನಾವು ಕೇಳಿದ್ದಷ್ಟೇ, ಹೇಳಲಿಲ್ಲ ಅನ್ನಬಹುದು. 2000ರಲ್ಲಿ ಡಿಜೆ ಮ್ಯಾಗ್ ಓದುಗರು ವೋಟು ಹಾಕಿ ಜಗತ್ತಿನಲ್ಲೇ ಮೊದಲನೆಯವರು ಅಂದರು. ಮರುವರ್ಷ ಆ ಪಟ್ಟ ಡಿಗ್ವೀಡ್‌ಗೆ. ಮನೆಯೊಳಗೇ ಅಧಿಕಾರ ಹಸ್ತಾಂತರ.

ಪ್ರಶ್ನೆ: ನ್ಯೂಯಾರ್ಕಿನ ಟ್ವೈಲೋ ಕ್ಲಬ್ಬಿನ ದಿನಗಳ ಬಗ್ಗೆ ಹೇಳಿ.

ಟರ್ನ್‌ಟೇಬಲ್: ತಿಂಗಳಿಗೊಂದು ಶುಕ್ರವಾರ, ಸಾಶಾ ಮತ್ತು ಡಿಗ್ವೀಡ್ ಇಬ್ಬರೇ, ರಾತ್ರಿಯಿಡೀ. ನಿಮಿಷಕ್ಕೆ 33 ಚಿಲ್ಲರೆ ಸುತ್ತು ನನ್ನದು. ಬಿಡುವಿಲ್ಲದೆ ಎಂಟು ಗಂಟೆ ಸುತ್ತಿದರೆ ಲೆಕ್ಕ ಹಾಕಿ, 16 ಸಾವಿರ. ಗಾಣದೆತ್ತಿಗಾದರೂ ಕೊನೆಗೆ ಹಿಂಡಿ ಸಿಗುತ್ತದೆ. ನನಗೆ ಸಿಕ್ಕಿದ್ದು ಇದ್ದ ಜಾಗವೇ. ಅವರು ಮಾತ್ರ ಬೆಳಿಗ್ಗೆ ವಿಮಾನ ಹತ್ತಿ ಇನ್ನೊಂದು ದೇಶ. ಆದರೆ ಅಷ್ಟು ಹೊತ್ತು ಸಿಕ್ಕಿದರೆ ಮಾತ್ರ ಈ ಸಂಗೀತಕ್ಕೆ ಉಸಿರು. ಮೊದಲ ಎರಡು ಗಂಟೆ ಏನೂ ಆಗುವುದೇ ಇಲ್ಲ. ಏನೋ ಆಗುತ್ತದೆ ಅನ್ನಿಸುತ್ತಾ ಇರುತ್ತದೆ, ಆಗುವುದಿಲ್ಲ. ಮೂರನೆಯ ಗಂಟೆಗೆ ಒಂದು ತಂತಿವಾದ್ಯದ ದನಿ ಎಲ್ಲಿಂದಲೋ ಏಳುತ್ತದೆ, ಡ್ರಮ್ ನಿಲ್ಲುತ್ತದೆ, ಸಾವಿರ ಜನ ಕೈಯೆತ್ತಿಕೊಂಡು ಕಾಯುತ್ತಾರೆ. ಅರ್ಧ ನಿಮಿಷ, ಒಂದು ನಿಮಿಷ. ಡ್ರಮ್ ವಾಪಸ್ ಬಂದಾಗ ಆ ನೆಲ ನಡುಗುವುದು ನನ್ನ ಕಾಲಿನ ರಬ್ಬರಿಗೆ ಗೊತ್ತು. ಅದನ್ನು ಇಪ್ಪತ್ತು ನಿಮಿಷದಲ್ಲಿ ಮಾಡಲಿಕ್ಕಾಗುವುದಿಲ್ಲ. ಟ್ವೈಲೋ 2001ರಲ್ಲಿ ಮುಚ್ಚಿತು.

ಪ್ರಶ್ನೆ: ರೀಮಿಕ್ಸ್ ಕೆಲಸಕ್ಕೆ ಬರೋಣ. ಇನ್ನೊಬ್ಬರ ಹಾಡನ್ನು ತಿದ್ದುವುದು ಸರಿಯೇ?

ಟರ್ನ್‌ಟೇಬಲ್: ತಿದ್ದುವುದಲ್ಲ ಸ್ವಾಮಿ, ಮನೆ ಕೆಡವಿ ಬಾಗಿಲು ಮಾತ್ರ ಉಳಿಸಿಕೊಂಡು ಹೊಸ ಮನೆ ಕಟ್ಟುವುದು. ಕಂಪನಿಯವರು ಹಾಡಿನ ಬಿಡಿಭಾಗ ಕಳಿಸುತ್ತಾರೆ, ದನಿ ಬೇರೆ, ಗಿಟಾರು ಬೇರೆ. ಇವರು ದನಿಯ ಎರಡು ಸಾಲು ಇಟ್ಟುಕೊಂಡು ಮಿಕ್ಕಿದ್ದನ್ನು ಬಿಸಾಕುತ್ತಾರೆ. ನಾಲ್ಕು ನಿಮಿಷದ ಹಾಡು ಹತ್ತು ನಿಮಿಷವಾಗಿ ಹೊರಬರುತ್ತದೆ. 1998ರಲ್ಲಿ ಮಡೋನಾ ಅವರ ‘ರೇ ಆಫ್ ಲೈಟ್’ಗೆ ಸಾಶಾ ಮಾಡಿದ್ದು ಇದನ್ನೇ, ಒಂದು ರೂಪಕ್ಕೆ ಟ್ವೈಲೋ ಹೆಸರನ್ನೇ ಇಟ್ಟರು. ಅದರಲ್ಲೊಂದು ಸ್ವಾರಸ್ಯ ಇದೆ: ಮೂಲ ಹಾಡನ್ನು ಮಡೋನಾ ಜೊತೆ ಕೂತು ನಿರ್ಮಿಸಿದ ವಿಲಿಯಂ ಆರ್ಬಿಟ್, ಪ್ರೊಗ್ರೆಸಿವ್ ಹೌಸ್‌ಗೆ ತೊಟ್ಟಿಲು ತೂಗಿದ ಗೆರಿಲ್ಲಾ ಎಂಬ ರೆಕಾರ್ಡ್ ಕಂಪನಿಯನ್ನು ಕಟ್ಟಿದವರಲ್ಲೊಬ್ಬರು. ಹಾಗಾಗಿ ಕ್ಲಬ್ಬಿನಿಂದ ಪಾಪ್‌ಗೆ ಹೋದದ್ದು ಮರಳಿ ಕ್ಲಬ್ಬಿಗೆ ಬಂತು. ದುಡ್ಡಿನ ವಿಚಾರ ಕೇಳಿ. ರೀಮಿಕ್ಸ್‌ಕಾರನಿಗೆ ಸಾಮಾನ್ಯವಾಗಿ ಒಂದೇ ಸಲದ ಗುತ್ತಿಗೆ ಹಣ. ಹಾಡು ಜಗತ್ತಿನಾದ್ಯಂತ ಮೊಳಗಿದರೂ ಗೀತೆಯ ಗೌರವಧನ ಮೂಲದವರಿಗೆ. ಪರರ ಹಾಡಿನಲ್ಲಿ ಮೆರೆದವರಿಗೆ ಅಷ್ಟಾದರೂ ಶಿಕ್ಷೆ ಬೇಡವೇ?

ಪ್ರಶ್ನೆ: ಸ್ವಂತ ಹಾಡೂ ಮಾಡಿದ್ದಾರಲ್ಲ.

ಟರ್ನ್‌ಟೇಬಲ್: 1999ರ ‘ಎಕ್ಸ್‌ಪಾಂಡರ್’ ಇದೆ, ಒಳ್ಳೆಯದು, ಅಳುವವರೂ ಇದ್ದಾರೆ. ಅದರಲ್ಲಿ ಸ್ಪೂಕಿ ತಂಡದ ಚಾರ್ಲಿ ಮೇ ಅವರ ಕೈಯೂ ಇದೆ. ಕವಚದ ಮೇಲೆ ದೊಡ್ಡಕ್ಷರ ಒಬ್ಬರದು, ಒಳಗೆ ಸಣ್ಣಕ್ಷರ ಇನ್ನೊಬ್ಬರದು. ಈ ಲೋಕದ ಕಾನೂನೇ ಅದು. ನನ್ನ ಹೆಸರಂತೂ ಸಣ್ಣಕ್ಷರದಲ್ಲೂ ಇಲ್ಲ. 2002ರಲ್ಲಿ ‘ಏರ್‌ಡ್ರಾನ್‌ಡ್ಯಾಗರ್’ ಎಂಬ ಪೂರ್ತಿ ಸ್ವಂತ ಆಲ್ಬಮ್ ಬಂತು. ಹೆಸರು ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ್ದು, ಗಾಳಿಯಲ್ಲಿ ಕಾಣುವ ಕಠಾರಿ. ಹೆಸರಿಗೂ ಸಾಲ ಮಾಡಿದರು ನೋಡಿ! ಜನ ವರ್ಷಗಟ್ಟಲೆ ಕಾದಿದ್ದರು. ಬಂದ ಮೇಲೆ ಕೆಲವರು ಹೊಗಳಿದರು, ಕೆಲವರು ಆಕಳಿಸಿದರು. ಎರಡು ವರ್ಷದ ನಂತರ ‘ಇನ್ವಾಲ್ವರ್’ ತಂದರು: ಎಲ್ಲವೂ ಬೇರೆಯವರ ಹಾಡು, ಎಲ್ಲವನ್ನೂ ಇವರೇ ರೀಮಿಕ್ಸ್ ಮಾಡಿ ಒಂದೇ ಹೊಳೆಯಾಗಿ ಹರಿಸಿದ್ದು. ಅದಕ್ಕೆ ಎಲ್ಲರೂ ತಲೆದೂಗಿದರು. ಅದರಲ್ಲಿದ್ದ ಫೀಲಿಕ್ಸ್ ಡ ಹೌಸ್‌ಕ್ಯಾಟ್ ಹಾಡಿನ ರೀಮಿಕ್ಸ್ 2005ರ ಗ್ರ್ಯಾಮಿ ಅಂತಿಮ ಪಟ್ಟಿಗೂ ಹೋಯಿತು, ಪ್ರಶಸ್ತಿ ಬರಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಅವರ ಸ್ವಂತ ಕೃತಿ ಅದೇ.

ಪ್ರಶ್ನೆ: ‘ಇನ್ವಾಲ್ವರ್’ನಲ್ಲಿ ನಿಮ್ಮ ಪಾತ್ರ?

ಟರ್ನ್‌ಟೇಬಲ್: (ದೀರ್ಘ ಮೌನ. ಮೋಟಾರಿನ ಸದ್ದು ಮಾತ್ರ.) ಏಬಲ್ಟನ್ ಲೈವ್ ಎಂಬ ಸಾಫ್ಟ್‌ವೇರ್ ಬಂದಿತ್ತು. ತಾಳ ತಾನೇ ಕೂಡಿಸುತ್ತದಂತೆ. ಕ್ಲಬ್ಬಿಗೂ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದರು, ಅದನ್ನು ಆಡಿಸಲಿಕ್ಕೆ ಮೇವನ್ ಅಂತ ಒಂದು ಗುಂಡಿಗಳ ಪೆಟ್ಟಿಗೆಯನ್ನೂ ಮಾಡಿಸಿಕೊಂಡರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? 2010ರಲ್ಲಿ ಕಂಪನಿಯವರು ನಮ್ಮ ವಂಶದ ಉತ್ಪಾದನೆಯನ್ನೇ ನಿಲ್ಲಿಸಿದರು. 2016ರಲ್ಲಿ ಮತ್ತೆ ಶುರು ಮಾಡಿದರು. ಬೆಲೆ ನೋಡಿದರೆ ನನಗೇ ನನ್ನನ್ನು ಕೊಳ್ಳುವ ಶಕ್ತಿ ಇಲ್ಲ.

ಪ್ರಶ್ನೆ: ಈಗ ಪ್ರೊಗ್ರೆಸಿವ್ ಹೌಸ್ ಹೇಗಿದೆ?

ಟರ್ನ್‌ಟೇಬಲ್: 2010ರ ಆಸುಪಾಸಿನಲ್ಲಿ ದೊಡ್ಡ ಉತ್ಸವಗಳ ಕಾಲ ಬಂತು. ಎರಡು ನಿಮಿಷಕ್ಕೊಮ್ಮೆ ಪಟಾಕಿ, ಮೂರು ನಿಮಿಷಕ್ಕೊಮ್ಮೆ ಕೇಕ್ ಎರಚಾಟ. ಆ ಹಾಡುಗಳಿಗೂ ಆನ್‌ಲೈನ್ ಅಂಗಡಿಯವರು ಪ್ರೊಗ್ರೆಸಿವ್ ಹೌಸ್ ಅಂತಲೇ ಚೀಟಿ ಅಂಟಿಸಿದರು. ಹಳಬರು ತಮ್ಮ ಮನೆಯಲ್ಲೇ ಬಾಡಿಗೆದಾರರಾದರು, ಬೇರೆ ಬೇರೆ ಚೀಟಿ ಅಂಟಿಸಿಕೊಂಡು ಬದುಕಿದರು. ಅರ್ಜೆಂಟೀನಾದವರು ಮಾತ್ರ ಬಿಡಲಿಲ್ಲ. ಬ್ಯೂನಸ್ ಐರಿಸ್‌ನ ಎರ್ನಾನ್ ಕತಾನಿಯೋ ಈಗಲೂ ತಾಸುಗಟ್ಟಲೆ ನುಡಿಸುತ್ತಾರೆ, ಜನ ಈಗಲೂ ಕಾಯುತ್ತಾರೆ. ಸಾಶಾ 2017ರಲ್ಲಿ ಲಂಡನ್ನಿನ ಬಾರ್ಬಿಕನ್ ಸಭಾಂಗಣದಲ್ಲಿ ವಾದ್ಯಗಾರರನ್ನು ಸುತ್ತ ಕೂರಿಸಿಕೊಂಡು ಕಛೇರಿ ಮಾಡಿದರು. ಕುಣಿಯಲು ಬಂದವರಿಗೆ ಕುರ್ಚಿ ಸಿಕ್ಕಿತು. ಅವರ ಮಂಡಿಗೂ ಅದೇ ಬೇಕಾಗಿತ್ತು.

ಪ್ರಶ್ನೆ: ಹೊಸದಾಗಿ ಕೇಳಬೇಕೆನ್ನುವ ನಮ್ಮ ಓದುಗರಿಗೆ ಏನು ಹೇಳುತ್ತೀರಿ?

ಟರ್ನ್‌ಟೇಬಲ್: 1996ರ ‘ನಾರ್ದರ್ನ್ ಎಕ್ಸ್‌ಪೋಷರ್’ನಿಂದ ಶುರು ಮಾಡಿ, ಸಾಶಾ ಮತ್ತು ಡಿಗ್ವೀಡ್ ಇಬ್ಬರೂ ಇದ್ದಾರೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳಿ ಏನೂ ಇಲ್ಲ ಅನ್ನಬೇಡಿ, ತಳದ ದನಿ ಅದರಲ್ಲಿ ಬರುವುದಿಲ್ಲ. ನಡುವೆ ಬೆರಳಾಡಿಸಿ ಮುಂದಕ್ಕೆ ಹಾರಿಸಬೇಡಿ. ರಾತ್ರಿ ಹತ್ತರ ಮೇಲೆ ಕೇಳುವುದಾದರೆ ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ.