ಪಂಚತಾಲ್ಲೂಕು ಟ್ರೌಟ್ ನಿಯಮಾವಳಿ: ಆಕ್ಷೇಪಣೆ, ಸಲಹೆ ಮತ್ತು ತತ್ಸಂಬಂಧಿ ಮೀಮಾಂಸೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಟ್ರೌಟ್ ಮೀನುಗಾರಿಕೆಯನ್ನು ಕುರಿತು ಕನ್ನಡದ ವಿದ್ವಾಂಸರು ಈವರೆಗೆ ತಳೆದಿರುವ ಮೌನ ಖೇದಕರ. ಈ ಐದು ತಾಲ್ಲೂಕುಗಳಲ್ಲಿ ಒಂದೇ ಒಂದು ಟ್ರೌಟ್ ಮೀನು ಇಲ್ಲದಿರುವುದೇ ಮೌನಕ್ಕೆ ಕಾರಣವೆಂದು ಕೆಲವರು ಹೇಳುತ್ತಾರೆ. ಇದು ಬಾಲಿಶ ವಾದ. ವಸ್ತುವೇ ಇಲ್ಲ ಎಂಬಷ್ಟಕ್ಕೇ ಸಂಶೋಧನೆ ನಿಲ್ಲುವುದಾಗಿದ್ದರೆ ನಮ್ಮ ಗ್ರಂಥಾಲಯಗಳ ಅರ್ಧ ಕಪಾಟು ಎಂದೋ ಖಾಲಿಯಾಗುತ್ತಿತ್ತು.

ಅಮೆರಿಕದ ಹಲವು ರಾಜ್ಯಗಳಲ್ಲಿ ಟ್ರೌಟ್ ನಿಯಮ ಬದಲಿಸುವ ಮುನ್ನ ಜನರನ್ನು ಕೇಳುವ ಪದ್ಧತಿಯಿದೆ. ದಿನಕ್ಕೆ ತಲೆಗೆ ಎಷ್ಟು ಮೀನು, ಎಷ್ಟು ಇಂಚಿಗಿಂತ ಚಿಕ್ಕದನ್ನು ನೀರಿಗೇ ಬಿಡಬೇಕು, ಗಾಳಕ್ಕೆ ಎರೆಹುಳು ಸಿಕ್ಕಿಸಬಹುದೋ ಅಥವಾ ಗರಿ ನೂಲು ಸೇರಿಸಿ ಕಟ್ಟಿದ ಸುಳ್ಳು ನೊಣವೇ ಆಗಬೇಕೋ ಎಂದು ದೊಡ್ಡ ದೊಡ್ಡವರು ಸಭೆ ಸೇರಿ ವಾದಿಸುತ್ತಾರೆ. ನಮ್ಮಲ್ಲೂ ಇಂಥದೊಂದು ಏರ್ಪಾಡಿದೆ. ಕರಡು ನಿಯಮವನ್ನು ರಾಜ್ಯಪತ್ರದಲ್ಲಿ ಅಚ್ಚು ಹಾಕಿಸಿ, ಅದರಿಂದ ಬಾಧಿತರಾಗಬಹುದಾದ ಎಲ್ಲ ವ್ಯಕ್ತಿಗಳಿಂದ ಇಂತಿಷ್ಟು ದಿನದೊಳಗೆ ಆಕ್ಷೇಪಣೆ ಮತ್ತು ಸಲಹೆಗಳನ್ನು ಆಹ್ವಾನಿಸಲಾಗುತ್ತದೆ. ಬಾಧಿತನಾಗಬಹುದಾದವನು ರಾಜ್ಯಪತ್ರ ಓದುತ್ತಾನೆಯೇ ಎಂಬ ಪ್ರಶ್ನೆ ಶ್ರದ್ಧೆಗೆ ಸಂಬಂಧಿಸಿದ್ದಾದ್ದರಿಂದ ಇಲ್ಲಿ ಚರ್ಚಿಸುವುದಿಲ್ಲ.

ಟ್ರೌಟ್ ಕುರಿತ ಕರಡನ್ನು ಯಾವ ಇಲಾಖೆಯೂ ಇನ್ನೂ ಹೊರಡಿಸಿಲ್ಲ. ಹೊರಡಿಸಲೆಂದು ಕಾಯುತ್ತ ಕೂತರೆ ಸಂಶೋಧಕನಿಗೆ ನಿವೃತ್ತಿಯೇ ಮೊದಲು ಬರುತ್ತದೆ. ಆದ್ದರಿಂದ ಕರಡನ್ನು ನಾವೇ ಬರೆದು, ನಾವೇ ಪ್ರಕಟಿಸಿ, ಆಕ್ಷೇಪಣೆಗಳನ್ನೂ ಬಹುಪಾಲು ನಾವೇ ಊಹಿಸಿಕೊಂಡಿದ್ದೇವೆ. ರೂಢಿಯಲ್ಲಿರುವ ವಿಧಾನಕ್ಕಿಂತ ಇದು ತೀರಾ ಬೇರೆಯದೇನಲ್ಲ.

ಐತಿಹಾಸಿಕ ಹಿನ್ನೆಲೆ

ಯಾವುದೇ ಕನ್ನಡ ಪ್ರಬಂಧ ಶಾಸನಗಳಿಂದ ತೊಡಗಬೇಕೆಂಬುದು ನಿಯಮ. ಈಗ ಈ ಸೀಮೆಯ ಒಂದು ಊರಾಗಿರುವ ಕೋಗಳಿ, ಹಿಂದೆ ಕೋಗಳಿ ಐನೂರು ಎಂಬ ನಾಡಿನ ತಲೆಯೂರು. ಆ ನಾಡನ್ನು ಆಳಿದ ಕಲ್ಯಾಣ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ‘ಮಾನಸೋಲ್ಲಾಸ’ವನ್ನು ಬರೆದ. ಅದರಲ್ಲಿ ಮತ್ಸ್ಯವಿನೋದ ಎಂಬ ಒಂದು ಭಾಗವೇ ಇದೆ. ಯಾವ ಮೀನಿಗೆ ಯಾವ ಎರೆ, ದಾರ ಹೇಗಿರಬೇಕು, ಗಾಳ ಹೇಗಿರಬೇಕು ಎಂಬುದನ್ನೆಲ್ಲ ಅರಸ ವಿವರವಾಗಿ ಹೇಳಿದ್ದಾನೆ. ಮೀನು ಶಾಸ್ತ್ರಜ್ಞ ಸುಂದರಲಾಲ್ ಹೋರಾ ಕಳೆದ ಶತಮಾನದ ನಡುವಿನಲ್ಲಿ ಇದನ್ನು ಬಿಡಿಸಿ ಪ್ರಕಟಿಸಿದ್ದಾರೆ. ಟ್ರೌಟ್ ಪ್ರಸ್ತಾಪ ಅದರಲ್ಲಿಲ್ಲ. ಪ್ರಜೆಗಳ ಆಕ್ಷೇಪಣೆಯನ್ನು ಕೇಳಿದ ಪ್ರಸ್ತಾಪವೂ ಇಲ್ಲ. ಎರಡೂ ಒಟ್ಟಿಗೇ ಇಲ್ಲದಿರುವುದು ಕೇವಲ ಕಾಕತಾಳೀಯವೇ ಎಂಬುದನ್ನು ಮುಂದಿನ ಸಂಶೋಧಕರು ನಿರ್ಧರಿಸಲಿ.

ಪೂರ್ವಪಕ್ಷ: ಈ ತಾಲ್ಲೂಕುಗಳಿಗೂ ಟ್ರೌಟಿಗೂ ಎತ್ತಣ ಸಂಬಂಧ? ಸಿದ್ಧಾಂತ: ಆಡಳಿತಾತ್ಮಕ ಸಂಬಂಧ. ಈ ತಾಲ್ಲೂಕುಗಳಿದ್ದ, 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆಯಾಗಿ ಕಂಪನಿಯ ಕೈಸೇರಿದ ಬಳ್ಳಾರಿ, 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೂ ಮದ್ರಾಸಿನದಾಗಿತ್ತು. ನೀಲಗಿರಿಯೂ ಮದ್ರಾಸಿನದೇ. ಅಲ್ಲಿಯ ತೊರೆಗಳಿಗೆ ಟ್ರೌಟ್ ತಂದು ಬಿಡಲು ಇಂಗ್ಲಿಷರು 1860ರ ದಶಕದಿಂದಲೇ ಹೆಣಗಿದರು. 1879ರಲ್ಲಿ ನೀಲಗಿರಿಯ ಬೇಟೆ ಪ್ರಾಣಿ ಮತ್ತು ಮೀನುಗಳ ರಕ್ಷಣೆಗೆಂದೇ ಕಾಯ್ದೆ ಮಾಡಿದರು. ಒಂದೇ ಗವರ್ನರ್, ಒಂದೇ ಮೊಹರು. ಅಂದಮೇಲೆ ಊಟಿಯ ಟ್ರೌಟಿಗೂ ಕೂಡ್ಲಿಗಿಯ ರೈತನಿಗೂ ಸೋದರ ಸಂಬಂಧ ಇರಲೇಬೇಕು. ರೈತನಿಗೆ ಇದನ್ನು ಯಾರೂ ತಿಳಿಸಲಿಲ್ಲ, ಅಷ್ಟೆ.

ಈ ಕಥೆಯಲ್ಲಿ ನಮ್ಮ ಆದಿಪುರುಷ ಫ್ರಾನ್ಸಿಸ್ ಡೇ. ಮದ್ರಾಸ್ ಸೇನೆಯಲ್ಲಿ ವೈದ್ಯ, ಹುಚ್ಚು ಮಾತ್ರ ಮೀನಿನದು. ಇಂಗ್ಲೆಂಡಿನಿಂದ ಹಡಗಿನಲ್ಲಿ ಮಂಜುಗಡ್ಡೆಯ ಮೇಲೆ ಟ್ರೌಟಿನ ಮೊಟ್ಟೆ ತರಿಸುವ ಅವನ ಯತ್ನ ಕೈಗೂಡಲಿಲ್ಲ. ಆಮೇಲೆ ಅವನು ಇನ್ನೊಂದು ಸಾಹಸಕ್ಕಿಳಿದು ಕಲೆಕ್ಟರುಗಳನ್ನೂ ತಹಶೀಲ್ದಾರರನ್ನೂ ಮೀನಿನ ಬಗ್ಗೆ ಅಭಿಪ್ರಾಯ ಕೇಳಿದ. ನಿಮ್ಮಲ್ಲಿ ಮೀನು ಹೆಚ್ಚಿದೆಯೋ ಕಡಿಮೆಯಾಗಿದೆಯೋ, ಮರಿಗಳನ್ನು ಹಿಡಿಯುತ್ತಾರೋ, ಬಲೆಯ ಕಣ್ಣು ಎಷ್ಟು ಸಣ್ಣದು? 1873ರಲ್ಲಿ ಉತ್ತರಗಳೆಲ್ಲ ಸೇರಿ ದಪ್ಪ ವರದಿಯಾಯಿತು. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಕೊಲ್ಲಬಾರದೆಂಬ ಭಾರತೀಯ ಮೀನುಗಾರಿಕೆ ಕಾಯ್ದೆ ಬಂದದ್ದು 1897ರಲ್ಲಿ. ಅಭಿಪ್ರಾಯ ಕೇಳಿದ್ದಕ್ಕೂ ಕಾಯ್ದೆ ಆದದ್ದಕ್ಕೂ ನಡುವೆ 24 ವರ್ಷ. ಕೇಳಿದ ಡೇ 1889ರಲ್ಲೇ ತೀರಿಕೊಂಡಿದ್ದ. ಇಂದಿನ ಸರ್ಕಾರಗಳು ನಿಧಾನ ಎನ್ನುವವರು ಈ ಅಂಕಿ ಗಮನಿಸಬೇಕು. ಡೇ ಕೇಳಿದ್ದು ತಹಶೀಲ್ದಾರರನ್ನು. ಬಲೆ ಹಿಡಿದವನನ್ನು ತಹಶೀಲ್ದಾರರು ಕೇಳಿದರೋ, ಕಚೇರಿಯ ಜವಾನನನ್ನು ಕೇಳಿದರೋ, ಊಟವಾದ ಮೇಲೆ ಕಣ್ಣು ಮುಚ್ಚಿ ತಮ್ಮನ್ನೇ ಕೇಳಿಕೊಂಡರೋ, ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

ಕರಡಿನ ಸಾರ

ಟ್ರೌಟ್ ತಣ್ಣೀರಿನ ಮೀನು. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಕಸಿವಿಸಿ, 25 ದಾಟಿ ಹಾಗೇ ನಿಂತರೆ ಜೀವಕ್ಕೇ ಸಂಚಕಾರ. ನಮ್ಮ ಕಡೆ ಏಪ್ರಿಲ್–ಮೇ ತಿಂಗಳ ಬಿಸಿಲು 40ರ ಗಡಿ ದಾಟುತ್ತದೆ. ಆ ಹೊತ್ತಿನಲ್ಲಿ ತುಂಗಭದ್ರಾ ಹಿನ್ನೀರಿಗೆ ಬಿಟ್ಟ ಟ್ರೌಟ್ ಮೀನುಗಾರನಿಗೆ ಕಾಯುವುದಿಲ್ಲ, ನೇರವಾಗಿ ಸಾರಿನ ಹದಕ್ಕೇ ಬರುತ್ತದೆ. ಇದನ್ನು ತಾಂತ್ರಿಕ ಅಡಚಣೆ ಎಂದಷ್ಟೇ ನಾವು ಪರಿಗಣಿಸಿದ್ದೇವೆ.

ಕರಡಿನ ಮುಖ್ಯ ಅಂಶಗಳಿವು: 9 ಇಂಚಿಗಿಂತ ಚಿಕ್ಕ ಮೀನನ್ನು ಬಿಡತಕ್ಕದ್ದು, ರಾತ್ರಿ ಹಿಡಿಯತಕ್ಕದ್ದಲ್ಲ, ಕೆಲವು ಕೆರೆಗಳಲ್ಲಿ ಹಿಡಿದದ್ದನ್ನೆಲ್ಲ ಮರಳಿ ಬಿಡತಕ್ಕದ್ದು. ಟ್ರೌಟ್ ಮೊಟ್ಟೆಯಿಡುವುದು ಚಳಿಗಾಲದಲ್ಲಾದ್ದರಿಂದ ಆ ಕಾಲ ಪೂರ್ತಿ ನಿಷೇಧ. ಮಳೆಗಾಲದ ಹೊಸ ನೀರಿಗೆ ಮೈತುಂಬಿ ಮೇಲೇರಿ ಬರುವ ನಮ್ಮ ಗೆಂಡೆ, ರೋಹು, ಕಾಟ್ಲಾಗಳಿಗೆ ಇದರಿಂದ ರಕ್ಷಣೆ ಸಿಗುವುದಿಲ್ಲವಲ್ಲ ಎಂದು ಕಿರಿಯ ಸಂಶೋಧಕರೊಬ್ಬರು ಕೇಳಿದರು. ಅವರನ್ನು ಯೋಜನೆಯಿಂದ ಬಿಡುಗಡೆ ಮಾಡಲಾಗಿದೆ.

ಸ್ವೀಕೃತವಾದ ಆಕ್ಷೇಪಣೆಗಳು

ಕೂಡ್ಲಿಗಿಯಿಂದ ಬಂದದ್ದು ಒಂದೇ ಸಾಲು: ‘ಮೊದ್ಲು ಕೆರಿಗೆ ನೀರ್ ಬಿಡ್ರಿ ಸಾಹೇಬ್ರ, ಆಮ್ಯಾಲೆ ಮೀನ ಮಾತು.’ ತುಂಗಭದ್ರೆಯಿಂದ 74 ಕೆರೆ ತುಂಬಿಸುವ ಯೋಜನೆಯ ಮಾತನ್ನು ವರ್ಷಗಟ್ಟಲೆ ಕೇಳಿಸಿಕೊಂಡ ತಾಲ್ಲೂಕು ಅದು. ಕರಡಿಗಳಿಗೆಂದು ಗುಡೇಕೋಟೆಯಲ್ಲಿ ಧಾಮ ಮಾಡಿದವರು ಮೀನಿಗೇಕೆ ಮಾಡಬಾರದು ಎಂದು ನಾವು ಮರುಪ್ರಶ್ನೆ ಕಳಿಸಿದೆವು. ಕರಡಿಗೆ ಈಜುವ ಅಗತ್ಯವಿಲ್ಲ ಎಂದು ಉತ್ತರ ಬಂತು.

ಕೊಟ್ಟೂರಿನ ಸಭೆ ಬಸ್‌ಸ್ಟ್ಯಾಂಡ್ ಹತ್ತಿರದ ಮಿರ್ಚಿ ಅಂಗಡಿಯಲ್ಲಿ ನಡೆದಂತೆ ನಾವು ಭಾವಿಸಿದ್ದೇವೆ. ಒಗ್ಗರಣೆ ಮಂಡಕ್ಕಿ, ಮೇಲೊಂದಿಷ್ಟು ಹೆಚ್ಚಿದ ಈರುಳ್ಳಿ, ಪಕ್ಕದಲ್ಲಿ ಎಣ್ಣೆ ಸೋರುವ ಮಿರ್ಚಿ. ಇಷ್ಟಿಲ್ಲದೆ ಈ ಸೀಮೆಯಲ್ಲಿ ಯಾವ ಸಾರ್ವಜನಿಕ ಅಭಿಪ್ರಾಯವೂ ರೂಪುಗೊಳ್ಳುವುದಿಲ್ಲ. ಕರಡಿನ ಪ್ರತಿಗಳನ್ನು ಹಂಚಿದ ಹತ್ತು ನಿಮಿಷದಲ್ಲಿ ಅವು ಮಿರ್ಚಿಯ ಎಣ್ಣೆ ಹೀರುವ ಕೆಲಸಕ್ಕೆ ನಿಯುಕ್ತವಾದವು. ಬಂದವರಲ್ಲಿ ಮುಕ್ಕಾಲು ಪಾಲು ಮೀನು ಮುಟ್ಟದವರು. ಆದ್ದರಿಂದಲೇ ಚರ್ಚೆ ನಿಷ್ಪಕ್ಷಪಾತವಾಗಿತ್ತು. ಹಿಡಿದು ಬಿಡುವ ನಿಯಮದ ಬಗ್ಗೆ ಹಿರಿಯರೊಬ್ಬರು ಬಹಳ ಹೊತ್ತು ಯೋಚಿಸಿ ಕೇಳಿದರು:

‘ಅಲ್ರಿ ಮಾಸ್ತರ, ತಿನ್ನಾಕ ಹಿಡಿದ್ರ ಪಾಪ ಅಂತೀವಿ, ಅದು ತಿಳಿತೈತಿ. ಬಿಡಾಕ ಹಿಡಿಯೋದು ಯಾವ ಲೆಕ್ಕದ್ರಿ?’

‘ಅದು ಕ್ರೀಡೆ, ಅಜ್ಜಾರ.’

‘ಮೀನಿಗೂ ಕ್ರೀಡೆ ಏನ್ರಿ?’

ಅಮೆರಿಕದ ಸಭೆಗಳಲ್ಲೂ ಇದೇ ಪ್ರಶ್ನೆ ಎದ್ದಾಗ, ಇದೇ ಜಾಗದಲ್ಲೇ ಮುಂದಿನ ವಿಷಯಕ್ಕೆ ಹೋಗುತ್ತಾರೆಂದು ಕೇಳಿದ್ದೇವೆ. ನಾವೂ ಹೋದೆವು.

ಹಗರಿಬೊಮ್ಮನಹಳ್ಳಿಯಿಂದ ಮನುಷ್ಯರಿಗಿಂತ ಮೊದಲು ಹಕ್ಕಿಗಳ ಅಹವಾಲು ಬಂತು. ಈ ತಾಲ್ಲೂಕಿನ ಅಂಕಸಮುದ್ರ ಕೆರೆಯ ಜಾಲಿ ಮರಗಳಲ್ಲಿ ಸಾವಿರಾರು ಹಕ್ಕಿಗಳ ಸಂಸಾರ. 2024ರ ಆರಂಭದಲ್ಲಿ ಅದಕ್ಕೆ ಜೌಗುಪ್ರದೇಶಗಳ ರಾಮ್ಸಾರ್ ಒಪ್ಪಂದದ ಮನ್ನಣೆಯೂ ಸಿಕ್ಕಿತು. ರಾತ್ರಿ ಮೀನುಗಾರಿಕೆಯ ನಿಷೇಧದಿಂದ ತಮ್ಮ ಕುಲಕಸುಬಿಗೆ ಧಕ್ಕೆಯೆಂದು ಇರುಳುಬಕಗಳು ಆಕ್ಷೇಪಿಸಿವೆ. ಚಿಕ್ಕ ಮೀನು ಬಿಡಬೇಕೆಂಬ ನಿಯಮವನ್ನು ಬಣ್ಣದ ಕೊಕ್ಕರೆಗಳು ಮರಿಗಳ ಹೊಟ್ಟೆಯ ಮೇಲಿನ ಹೊಡೆತವೆಂದು ಬಣ್ಣಿಸಿವೆ. ಬಾಯಿಕಳಕ ಕೊಕ್ಕರೆಗಳು ಹೆಚ್ಚಾಗಿ ಬಸವನಹುಳು ತಿನ್ನುವ ಕಾರಣ ತಟಸ್ಥ ಉಳಿದಿವೆ. ಮೇಲ್ಮನವಿ ಹೋಗಬೇಕಾದದ್ದು ರಾಮ್ಸಾರ್ ಸಚಿವಾಲಯವಿರುವ ಸ್ವಿಟ್ಜರ್ಲೆಂಡಿನ ಗ್ಲಾಂಡ್ ಪಟ್ಟಣಕ್ಕೆ. ಅದರ ಮುಂದಿನ ಸರೋವರದಲ್ಲಿ ಟ್ರೌಟ್ ಇವೆ. ಹೀಗೆ ನಮ್ಮ ಪ್ರಬಂಧಕ್ಕೆ ಮೊದಲ ಬಾರಿ ಒಂದು ನಿಜವಾದ ಟ್ರೌಟ್ ದಕ್ಕಿದಂತಾಯಿತು. ಇದೇ ತಾಲ್ಲೂಕಿನ ಮಾಲವಿ ಜಲಾಶಯದ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಬಹುಕಾಲ ಅದು ತುಂಬುವುದೇ ಅಪರೂಪವಾಗಿತ್ತು, ಬಾಗಿನದ ಸೀರೆ ಮಾತ್ರ ಬೀರುವಿನಲ್ಲಿ ಸದಾ ಸಿದ್ಧ.

ಹಡಗಲಿ ತಾಲ್ಲೂಕು ಸಾರ್ವಜನಿಕ ಅಭಿಪ್ರಾಯ ಸಂಗ್ರಹಕ್ಕೆ ಜಗತ್ತಿಗೇ ಮಾದರಿ. ಮೈಲಾರದ ಜಾತ್ರೆಯಲ್ಲಿ, ಭರತ ಹುಣ್ಣಿಮೆ ಮುಗಿದ ಮೇಲೆ, ಡೆಂಕಣಮರಡಿಯಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ, ಕರಿಕಂಬಳಿ ಹೊದ್ದವನು, ನೆಟ್ಟಗೆ ನಿಲ್ಲಿಸಿದ ಬಿಲ್ಲನ್ನು ಸರಸರ ಏರುತ್ತಾನೆ. ತುದಿಯಲ್ಲಿ ನಿಂತು ‘ಸದ್ದಲೇ’ ಎಂದು ಕೂಗುತ್ತಾನೆ. ಅಷ್ಟು ಜನಸ್ತೋಮ ಗಪ್‌ಚುಪ್. ಒಂದೇ ಸಾಲಿನ ಭವಿಷ್ಯವಾಣಿಯಾದ ಕಾರ್ಣಿಕ ನುಡಿದು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲಿನಲ್ಲಿ ರೈತ ಮಳೆ ಕಾಣುತ್ತಾನೆ, ವ್ಯಾಪಾರಿ ಮೆಣಸಿನಕಾಯಿ ದರ ಕಾಣುತ್ತಾನೆ, ಶಾಸಕ ಮಂತ್ರಿಗಿರಿ ಕಾಣುತ್ತಾನೆ. ರಾಜ್ಯಪತ್ರದ ಕರಡು ನೂರು ಪುಟವಿದ್ದರೂ ಯಾರಿಗೂ ಏನೂ ಕಾಣುವುದಿಲ್ಲ. ಮೀನು ನಿಯಮವನ್ನೂ ಬಿಲ್ಲೇರಿಯೇ ಪ್ರಕಟಿಸಬೇಕೆಂಬುದು ನಮ್ಮ ಶಿಫಾರಸು. ಸಂಬಂಧಪಟ್ಟ ಅಧಿಕಾರಿಯನ್ನು ಕೆಳಗೆ ಜನ ಹಿಡಿದುಕೊಳ್ಳುತ್ತಾರೋ ಇಲ್ಲವೋ ಎಂಬುದರಿಂದಲೇ ಅಭಿಪ್ರಾಯ ಗೊತ್ತಾಗುತ್ತದೆ, ಪ್ರತ್ಯೇಕ ಅರ್ಜಿ ಬೇಕಿಲ್ಲ.

ಹರಪನಹಳ್ಳಿಯ ಅರ್ಜಿ ಇನ್ನೂ ತಲುಪಿಲ್ಲ. 1997ರಲ್ಲಿ ದಾವಣಗೆರೆಗೆ ಹೋಗಿ, ಎರಡು ದಶಕದ ನಂತರ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ತಾಲ್ಲೂಕಿನ ಅರ್ಜಿ ಈಗ ಯಾವ ಜಿಲ್ಲಾಧಿಕಾರಿಯ ಕಚೇರಿಯಲ್ಲಿದೆ ಎಂದು ಹುಡುಕಿಸಲಾಗುತ್ತಿದೆ.

ತಿರಸ್ಕೃತವಾದ ಒಂದು ಆಕ್ಷೇಪಣೆ

ತುಂಗಭದ್ರಾ ಹಿನ್ನೀರಿನ ದಂಡೆಯಿಂದ ಒಂದು ಅಹವಾಲು ಬಾಯಿಮಾತಿನಲ್ಲೇ ಬಂತು. ಹೇಳಿದವರು ಹರಗೋಲಿನ ತಳಕ್ಕೆ ಡಾಂಬರು ಬಳಿಯುತ್ತಿದ್ದರು, ನಿಲ್ಲಿಸಲಿಲ್ಲ. ಅವರ ಮಾತಿನ ಸಾರ ಇಷ್ಟು. ತೊಂಬತ್ತರಷ್ಟು ಹಳ್ಳಿ ಮುಳುಗಿ ಆದ ನೀರು ಇದು. ಪರವಾನಗಿಗೆ ದುಡ್ಡು ಕಟ್ಟಿ ಅವರು ಬಲೆ ಹಾಕುತ್ತಾರೆ. ಇಲಾಖೆಯವರು ಬೆರಳುದ್ದದ ಮರಿಗಳನ್ನು ತಂದು ನೀರಿಗೆ ಬಿಟ್ಟು, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಆಮೇಲೆ ಅಲಿವಿ ಬಲೆ ಬರುತ್ತದೆ. ಅದರ ಒಂದು ತುದಿ ದಂಡೆಯಲ್ಲಿ. ಉಳಿದದ್ದನ್ನು ಹರಗೋಲಿನಲ್ಲಿ ಒಯ್ದು ನೀರಿನೊಳಗೆ ಅರ್ಧಚಂದ್ರಾಕಾರವಾಗಿ ಹಾಸಿ ಇನ್ನೊಂದು ತುದಿಯನ್ನೂ ದಂಡೆಗೆ ತರುತ್ತಾರೆ. ಎರಡೂ ಕಡೆ ಆಳುಗಳು ನಿಂತು ಗಂಟೆಗಟ್ಟಲೆ ಜಗ್ಗುತ್ತಾರೆ. ಬಲೆಯ ಕಣ್ಣು ಎಷ್ಟು ಸಣ್ಣದೆಂದರೆ ನೀರೊಂದು ಬಿಟ್ಟು ಎಲ್ಲ ಮೇಲೆ ಬರುತ್ತದೆ. ಬೆಳೆದರೆ ಕಿಲೋಗಟ್ಟಲೆ ತೂಗುವ ಮರಿಗಳು ಹಿಡಿಹಿಡಿಯಾಗಿ ಮರಳ ಮೇಲೆ ಒಣಗಿ, ಮೂಟೆಯಾಗಿ, ಒಣಮೀನಿನ ಲೆಕ್ಕದಲ್ಲಿ ಹೋಗುತ್ತವೆ.

‘ಅದನ್ನ ನಿಲ್ಲಸ್ರಿ. ಮಳೆಗಾಲದಾಗ ಎರಡು ತಿಂಗಳು ಬಲೆ ಬ್ಯಾಡ ಅಂದ್ರ ನಾವೂ ಒಪ್ತೀವಿ, ಆ ಎರಡು ತಿಂಗಳು ಮನ್ಯಾಗ ಉಣ್ಣಾಕ ಏನರ ಕೊಡ್ರಿ. ಕೆರಿ ಹರಾಜಿನಾಗ ದುಡ್ಡಿದ್ದೋರು ನಮ್ಮ ಸಂಘದ ಹೆಸರಾಗ ಕೂಗ್ತಾರ, ಅದನ್ನೂ ಬರಕೊಳ್ರಿ.’

ಬರೆದುಕೊಂಡೆವು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದರ ಚೈನು ಕಡಿದು ನೀರು ಹೊರಟಾಗ, ಎಷ್ಟು ಮೀನು ಪರವಾನಗಿಯಿಲ್ಲದೆ ಆಂಧ್ರ–ತೆಲಂಗಾಣದ ಕಡೆ ಹೋದವೆಂದೂ ಕೇಳಿದೆವು. ಅವರು ನಮ್ಮ ಮುಖ ನೋಡಿ ಮತ್ತೆ ಡಾಂಬರು ಬಳಿಯತೊಡಗಿದರು.

ಈ ಅಹವಾಲನ್ನು ಪರಿಶೀಲನಾ ಸಮಿತಿಯ ಮುಂದೆ, ಅಂದರೆ ನಮ್ಮದೇ ಮುಂದೆ, ಇಡಲಾಯಿತು. ನಿಗದಿತ ನಮೂನೆಯಲ್ಲಿ ಇಲ್ಲ, ಮೂರು ಪ್ರತಿಗಳಿಲ್ಲ, ಸಹಿಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇಡೀ ಹೇಳಿಕೆಯಲ್ಲಿ ಟ್ರೌಟ್ ಎಂಬ ಶಬ್ದ ಒಮ್ಮೆಯೂ ಬಂದಿಲ್ಲ. ಆದ್ದರಿಂದ ಇದು ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ್ದಲ್ಲವೆಂದು ತೀರ್ಮಾನಿಸಿ ಕಡತದಿಂದ ಕೈಬಿಡಲಾಗಿದೆ. ಅರ್ಜಿದಾರರು ಬಯಸಿದಲ್ಲಿ, ರಾಜ್ಯಪತ್ರದಲ್ಲಿ ಇದು ಪ್ರಕಟವಾದ 30 ದಿನದೊಳಗೆ, ಇಂಗ್ಲಿಷಿನಲ್ಲಿ ಮರುಅರ್ಜಿ ಸಲ್ಲಿಸಬಹುದು.