ಗಂಜ್ ರೂಮಿನ ಬಕೆಟ್: ಮಿತಾಕ್ಷರವೋ, ದಾಯಭಾಗವೋ?

ಕಲಬುರಗಿಯ ನೆಹರು ಗಂಜ್ ಆಸುಪಾಸಿನ ಬಾಡಿಗೆ ರೂಮುಗಳಲ್ಲಿ ಬೀಡುಬಿಟ್ಟು ಕಾಲೇಜು ಓದುವ (ಓದುತ್ತಾರೆಂಬುದು ಕೇವಲ ಪೂರ್ವಪಕ್ಷ) ಹುಡುಗರ ಭ್ರಾತೃಮಂಡಲದ ಉಗಮದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ‘ನಮ್ದು ಬಹಮನಿ ಕಾಲದ್ದು’ ಎಂಬುದು ರೂಮಿನ ಹಿರಿಯರ ವಾದ. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯಕ್ಕೆ ಈ ಊರು ರಾಜಧಾನಿಯಾಗಿದ್ದು ನಿಜವೇ. ಆದರೆ ಸುಲ್ತಾನರು ರೂಮಿಗೆ ಅಡ್ವಾನ್ಸ್ ಕೊಟ್ಟ ರಸೀದಿ ಎಲ್ಲಿಯೂ ಸಿಕ್ಕಿಲ್ಲ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹಾಗೂ ಅದರ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜು ಶುರುವಾದ 1958ರಿಂದ ಲೆಕ್ಕ ಹಿಡಿಯುವುದು ಕ್ಷೇಮ. 1980ರಲ್ಲಿ ವಿಶ್ವವಿದ್ಯಾಲಯವೂ ಬಂದ ಮೇಲೆ ಬಾಡಿಗೆ ಏರಿತೆಂದು ಮೌಖಿಕ ಪರಂಪರೆ.

ಅಮೆರಿಕದಲ್ಲಿ 1776ರಲ್ಲೇ ಫೈ ಬೀಟಾ ಕಪ್ಪ ಎಂಬ ಗ್ರೀಕ್ ಅಕ್ಷರದ ಸಂಘ ಹುಟ್ಟಿತು. ಗುಟ್ಟಿನ ಕೈಕುಲುಕು ಅದರ ಹೆಗ್ಗಳಿಕೆ. ನಮ್ಮವರ ಗುಟ್ಟಿನ ಸಂಕೇತ ಸೀನು. ಸುಗ್ಗಿಯಲ್ಲಿ ತೊಗರಿ ಚೀಲಗಳು ಗಂಜ್‌ಗೆ ಬಂದು ಬಿದ್ದು, ಹಮಾಲರು ಅವನ್ನು ಝಾಡಿಸತೊಡಗಿದರೆ ಧೂಳು ಕಿಟಕಿಯಿಂದ ಒಳಬರುತ್ತದೆ. ಆಗ ಮೂರು ಸೀನು ಸೀನಿದವನು ಹೊಸಬ. ಸೀನದೆ ಚಾದರ ಎಳೆದುಕೊಂಡು ಮಲಗಿದವನು ಸದಸ್ಯ. 2019ರಲ್ಲಿ ಜಿಐ ಮಾನ್ಯತೆ ಪಡೆದ ಬೇಳೆಯ ಧೂಳಿಗೆ ಇಷ್ಟಾದರೂ ಮರ್ಯಾದೆ ಬೇಡವೇ?

ಆಹಾರಶಾಖೆಯದು ಸರಳ ಅಧ್ಯಾಯ. ಕಮಲಾಪುರದ ಕಡೆಯ ಬಸ್ಸು ಹುಮನಾಬಾದ್ ರಸ್ತೆಯಲ್ಲಿ ಬಂದು ನಿಲ್ಲುತ್ತದೆ; ಕಂಡಕ್ಟರ್ ಸೀಟಿನ ಪಕ್ಕದಿಂದ ಬಟ್ಟೆ ಕಟ್ಟಿದ ಡಬ್ಬಿ ಇಳಿಯುತ್ತದೆ. ಒಳಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ. ಡಬ್ಬಿ ಯಾರ ಅವ್ವ ಕಳಿಸಿದ್ದೆಂಬುದು ಮುಚ್ಚಳ ತೆಗೆಯುವವರೆಗೆ ಮಾತ್ರ ಮಹತ್ವದ ಪ್ರಶ್ನೆ.

ಈಗ ಮುಖ್ಯ ವಿವಾದಕ್ಕೆ ಬರೋಣ. ರೂಮಿನ ಚರಾಸ್ತಿ ಇಂತಿದೆ: ಒಂದು ಕಿವಿ ಮುರಿದ ಸ್ಟೀಲ್ ಬಕೆಟ್, ಬತ್ತಿ ಸುಟ್ಟ ಸ್ಟೋವ್, ಒಂದು ಮಂಚ. ಬಕೆಟ್‌ನ ಹೊಟ್ಟೆಯ ಮೇಲೆ ಮೊಳೆಯಿಂದ ಕೊರೆದ ಹೆಸರುಗಳಿವೆ. ಒಂದರ ಮೇಲೊಂದು ಕೂತು ಈಗ ಯಾವುದೂ ಓದಲು ಬರುವುದಿಲ್ಲ. ಇದೇ ಜಿಲ್ಲೆಯ ಮರತೂರಿನ ವಿಜ್ಞಾನೇಶ್ವರ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಬರೆದ ‘ಮಿತಾಕ್ಷರ’ದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಆ ಲೆಕ್ಕದಲ್ಲಿ ಅಡ್ಮಿಷನ್ ಆದ ದಿನವೇ ಜೂನಿಯರ್‌ಗೆ ಬಕೆಟ್‌ನಲ್ಲಿ ಪಾಲು ಬರಬೇಕು. ಬಂಗಾಳದ ಜೀಮೂತವಾಹನನ ‘ದಾಯಭಾಗ’ ಮಾತ್ರ ತಂದೆ ತೀರಿಕೊಂಡ ಮೇಲಷ್ಟೇ ಹಕ್ಕು ಎನ್ನುತ್ತದೆ.

ಮರತೂರಿನ ಪಕ್ಕದಲ್ಲೇ ಇದ್ದೂ ರೂಮು ಪಾಲಿಸುತ್ತಿರುವುದು ಬಂಗಾಳದ ಶಾಸ್ತ್ರವನ್ನು! ಸೀನಿಯರ್ ಪಾಸಾಗಿ ಹೋಗುವವರೆಗೆ ಜೂನಿಯರ್‌ಗೆ ಮಗ್ ಒಂದೇ ಗತಿ. ಸೀನಿಯರ್ ಪಾಸಾಗುವುದಿಲ್ಲ; ಮ್ಯಾಥ್ಸ್ ಬ್ಯಾಕ್ ಇರುತ್ತದೆ. ‘ಈ ಸಲ ಹೊಂಟೇ ಹೋಗ್ತೀನಿ ಬಿಡಪಾ’ ಎಂದು ಪ್ರತಿ ಬೇಸಿಗೆ ಹೇಳಿ, ಬಕೆಟ್ ತುಂಬಿಸಿಕೊಂಡು ಒಳಗೆ ಹೋಗುತ್ತಾನೆ. ಹೊರಗೆ ಕಲಬುರಗಿಯ ಮೇ ತಿಂಗಳ ಬಿಸಿಲು. ಟವೆಲ್ ಹೆಗಲಿಗೆ ಹಾಕಿ ನಿಂತ ವಾರಸುದಾರರ ಸಾಲು. ಅವಿಭಕ್ತ ಕುಟುಂಬ ಪದ್ಧತಿ ಅಳಿದುಹೋಯಿತೆನ್ನುವ ಸಮಾಜಶಾಸ್ತ್ರಜ್ಞರು ಒಮ್ಮೆ ಈ ಸಾಲಿನಲ್ಲಿ ನಿಲ್ಲಬೇಕು.

ನಮ್ಮ ತೀರ್ಪು: ಬಕೆಟ್ ವಿಷಯದಲ್ಲಿ ದಾಯಭಾಗ, ಡಬ್ಬಿ ವಿಷಯದಲ್ಲಿ ಮಿತಾಕ್ಷರ. ಬಾಡಿಗೆ ವಿಷಯದಲ್ಲಿ ಎರಡೂ ಶಾಸ್ತ್ರ ಮೌನ, ಹುಡುಗರೂ ಮೌನ. ಮುಂದಿನ ಸಂಶೋಧಕರಲ್ಲಿ ಒಂದು ವಿನಂತಿ: ಕ್ಷೇತ್ರಕಾರ್ಯಕ್ಕೆ ಬರುವಾಗ ಕಮಲಾಪುರದ ಕೆಂಪು ಬಾಳೆಹಣ್ಣು ಒಂದು ಡಜನ್ ತನ್ನಿ. ಬರಿಗೈಲಿ ಬಂದವರಿಗೆ ಬಕೆಟ್ ತೋರಿಸುವ ಪದ್ಧತಿ ಇಲ್ಲಿಲ್ಲ.